ಹಳೆಯ ಮೋಟಾರಿನ ‘ಅರ್ಥ’



ಮುಪ್ಪಿನವರಿಗೆ ಕಾಯಿಲೆ ಬಂದಾಗ ‘ವಯಸ್ಸಾಯಿತು’ ಎಂದಷ್ಟೇ ಹೇಳಿ ಎದ್ದುಹೋಗುವ ವೈದ್ಯನನ್ನು ನಾವು ಒಳ್ಳೆಯ ವೈದ್ಯನೆನ್ನುವುದಿಲ್ಲ. ಆದರೆ ಹಳೆಯ ಮೋಟಾರಿನ ವಿಷಯದಲ್ಲಿ ಅದೇ ಮಾತನ್ನು ಕೊನೆಯ ತೀರ್ಪೆಂದು ಒಪ್ಪಿಕೊಳ್ಳುತ್ತೇವೆ. ದೀಪ ಮಂಕಾಯಿತು, ಹಾರ್ನು ಕೂಗಲಿಲ್ಲ, ಬೆಳಿಗ್ಗೆ ಸ್ಟಾರ್ಟರು ‘ಟಕ್’ ಎಂದು ಸುಮ್ಮನಾಯಿತು ಎಂದರೆ ಸಾಕು, ‘ವೈರಿಂಗೆಲ್ಲ ಹೋಗಿದೆ, ಮಾರಿಬಿಡಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ವೃತ್ತಿಯಿಂದ ಕನ್ನಡದ ಅಧ್ಯಾಪಕನಾಗಿದ್ದ ನಾನು ಈ ವಿಷಯವನ್ನೆತ್ತಿಕೊಳ್ಳಲು ಖಾನಾಪುರದ ಒಂದು ಕಾರು ಕಾರಣ.

ಖಾನಾಪುರದಲ್ಲಿ ವೈದ್ಯರಾಗಿದ್ದ ನನ್ನ ಸೋದರಮಾವನವರಲ್ಲಿ 1966ರ ಅಂಬಾಸಿಡರ್ ಇತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1957ರಿಂದ ತಯಾರಾಗತೊಡಗಿ, 2014ರಲ್ಲಿ ನಿಂತುಹೋದ ವಾಹನವದು. ಜಾಂಬೋಟಿ, ಕಣಕುಂಬಿಗಳ ಕಡೆಯಿಂದ ಮಳೆಗಾಲದ ನಡುರಾತ್ರಿಯಲ್ಲಿ ಕರೆ ಬಂದರೂ ಮಾವ ಅದನ್ನೇರಿ ಹೊರಡುತ್ತಿದ್ದರು. ಆ ಕಾಡುದಾರಿಯಲ್ಲಿ ಅದರ ಎರಡು ದೀಪಗಳೇ ಅವರಿಗೆ ಸಂಗಾತಿ. ಅವರು ತೀರಿಕೊಂಡ ಮೇಲೆ ಕಾರು ಹೆಂಚಿನ ಮಾಡಿನ ಕೆಳಗೆ ನಿಂತಿತು. ಊರಿಗೆ ಬಂದ ಮಕ್ಕಳು ದುರಸ್ತಿಗೆ ಕೊಟ್ಟರು. ಹೊಸ ಬ್ಯಾಟರಿ ಬಂತು, ಬಳಿಕ ಡೈನಮೋ ಬದಲಾಯಿತು, ಬಿಲ್ಲು ಬೆಳೆಯಿತು; ದೀಪ ಮಾತ್ರ ಮಿಣುಕುತ್ತಲೇ ಉಳಿಯಿತು. ಕೊನೆಗೆ ಎಂಬತ್ತು ದಾಟಿದ ಅತ್ತೆ ನನ್ನನ್ನು ಕರೆಸಿ ಹೇಳಿದರು: “ದೀಪ ಹತ್ತಿದ್ರ ಇರ್ಲಿ, ಇಲ್ಲಾಂದ್ರ ಗುಜರಿಯವ್ರಿಗೆ ಕೊಟ್ಟಬಿಡೂಣು. ಹಿಂಗ ಕುರುಡಾಗಿ ನಿಂತದ್ದನ್ನ ದಿನಾ ನೋಡೂದು ನನ್ನ ಕೈಲೆ ಆಗೂದಿಲ್ಲಪಾ.”

ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಗಾಡಿಗಳ ಮೇಲೆಯೇ ಕೈ ಪಳಗಿಸಿದ ಹಿರಿಯ ಮಿಸ್ತ್ರಿಯೊಬ್ಬರನ್ನು ನಾನು ಕರೆದೊಯ್ದೆ. ಅವರ ಚೀಲದಲ್ಲಿದ್ದುದು ಒಂದು ಮೀಟರು, ಎರಡು ವೈರು ಬೆಸೆದ 12 ವೋಲ್ಟಿನ ಒಂದು ಬಲ್ಬು, ಒಂದು ತುಂಡು ಮರಳುಕಾಗದ. ಅವರು ಮೊದಲು ಮಾಡಿದ ಕೆಲಸ ಬ್ಯಾಟರಿಯ ಸಂಪರ್ಕ ಬಿಡಿಸಿದ್ದು. ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಾಮ್ರದ ತಂತಿಯನ್ನು ಸುತ್ತಿಟ್ಟಿದ್ದರು! ಫ್ಯೂಸು ಸುಡುವುದು ಗಾಡಿ ಸುಡಬಾರದೆಂದು. ಅದರ ಬದಲು ತಂತಿ ಕಟ್ಟಿದರೆ, ಇಲಿ ಕಡಿದ ಒಂದು ವೈರು ಲೋಹಕ್ಕೆ ತಗುಲಿದರೂ ಸಾಕು, ವೈರುಗಳ ಇಡೀ ಕಟ್ಟು ಹೊತ್ತಿಕೊಳ್ಳಬಹುದು.

ತಂತಿ ತೆಗೆದು ತಕ್ಕ ಫ್ಯೂಸು ಹಾಕಿ, ಸಂಪರ್ಕವನ್ನು ಮತ್ತೆ ಕೊಟ್ಟು, ಬ್ಯಾಟರಿಯನ್ನು ಅಳೆದರು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದೇ ತಿಳಿಯಬೇಕು. ನಮ್ಮದು ಸರಿಯಾಗಿತ್ತು. ಹಾಗಾದರೆ ದೀಪವೇಕೆ ಮಂಕು? ಮಿಸ್ತ್ರಿ ಅಂದರು: “ಸರ್ರ, ಕರೆಂಟ್ ಹೋಗೂದನ್ನ ಎಲ್ಲಾರೂ ನೋಡ್ತಾರ. ತಿರುಗಿ ಬರೂದನ್ನ ಯಾರೂ ನೋಡೂದಿಲ್ಲ.”

ಈ ಮಾತಿನಲ್ಲಿಯೇ ವಿಷಯದ ಮರ್ಮವಿದೆ. ಮನೆಯ ದೀಪಕ್ಕೆ ವಿದ್ಯುತ್ತು ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಮೋಟಾರಿನಲ್ಲಿ ಹೋಗುವುದಕ್ಕೆ ಮಾತ್ರ ತಂತಿ. ಬರುವ ದಾರಿ ಗಾಡಿಯ ಲೋಹದ ಮೈಯೇ. ಮಿಸ್ತ್ರಿಗಳು ಇದನ್ನು ‘ಅರ್ಥ್’ ಎನ್ನುತ್ತಾರೆ. ‘ಅರ್ಥ್ ಹತ್ತವಲ್ದು’ ಎಂದು ಅವರು ಗೊಣಗಿದಾಗ ನನ್ನಂಥ ಭಾಷೆಯ ಮೇಷ್ಟರಿಗೆ ನಗು ಬಾರದಿರದು: ಶಬ್ದವಿದೆ, ಅರ್ಥ ಹತ್ತುತ್ತಿಲ್ಲ! ಖಾನಾಪುರದಂಥ ಮಲೆನಾಡ ಸೆರಗಿನ ಊರಿನಲ್ಲಿ ತಿಂಗಳುಗಟ್ಟಲೆ ತೇವ; ದೀಪದ ಬುಡವೂ ಮಡ್‌ಗಾರ್ಡೂ ಕೂಡುವಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ವಿದ್ಯುತ್ತಿಗೆ ಅಡ್ಡಗೋಡೆಯಾಗುತ್ತದೆ. ವೋಲ್ಟೇಜು ನೂರಕ್ಕೆ ಹತ್ತರಷ್ಟು ಕುಸಿದರೆ ಸಾಮಾನ್ಯ ಬಲ್ಬಿನ ಬೆಳಕು ಸುಮಾರು ಮೂವತ್ತರಷ್ಟು ಕುಂದುತ್ತದೆ.

ಇದಕ್ಕೆ ಕುರುಹುಗಳೂ ಉಂಟು. ಬ್ರೇಕು ಒತ್ತಿದಾಗ ಸಂಬಂಧವಿಲ್ಲದ ಇನ್ನೊಂದು ದೀಪ ಮಂದವಾಗಿ ಹೊತ್ತಿಕೊಂಡರೆ, ವಿದ್ಯುತ್ತು ತನ್ನ ದಾರಿ ಕಾಣದೆ ನೆರೆಮನೆಯ ಹಿತ್ತಿಲಿನಿಂದ ಹಾಯುತ್ತಿದೆಯೆಂದು ತಿಳಿಯಬೇಕು. ಎಂಜಿನ್ನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ ಅದನ್ನು ಗಾಡಿಯ ಮೈಗೆ ಕೂಡಿಸಲು ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಅದು ತುಂಡಾದರೆ ಸ್ಟಾರ್ಟರಿನ ಭಾರೀ ವಿದ್ಯುತ್ತು ಚೋಕಿನ ಕೇಬಲ್ಲಿನಂಥ ಬಡಪಾಯಿಯ ಮೂಲಕ ಹಿಂದಿರುಗಲೆಳಸಿ ಅದನ್ನು ಕಾಯಿಸಿಬಿಡುತ್ತದೆ. ಇನ್ನು ಡೈನಮೋ ಇರುವ ಗಾಡಿ ನಿಂತಲ್ಲಿ ನಿಧಾನವಾಗಿ ಓಡುತ್ತಿರುವಾಗ ಕೆಂಪುದೀಪ ಮಿನುಗಿದರೆ ಅದು ರೋಗವಲ್ಲ, ಸ್ವಭಾವ.

ಪರೀಕ್ಷೆಯ ಕ್ರಮ ಸರಳ. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ಬದಿಗೂ ಇನ್ನೊಂದನ್ನು ದೀಪದ ಲೋಹದ ಬುಡಕ್ಕೂ ತಾಗಿಸಬೇಕು. ದಾರಿ ಸರಿಯಿದ್ದರೆ ಮೀಟರು ಸೊನ್ನೆಯ ಬಳಿಯೇ ನಿಲ್ಲುತ್ತದೆ. ಅರ್ಧ ವೋಲ್ಟು ದಾಟಿದರೆ ಕೀಲಿನಲ್ಲಿ ದೋಷವುಂಟು. ಮಾವನ ಕಾರಿನಲ್ಲಿ ಅದು ಎರಡು ವೋಲ್ಟಿನ ಹತ್ತಿರ ತೋರಿಸಿತು. ಬಳಿಕ ಒಂದೊಂದೇ ಕೀಲನ್ನು ದಾಟುತ್ತ ಹಿಂದೆ ಹಿಂದೆ ಬರಬೇಕು. ನಮ್ಮ ಗ್ರಂಥಸಂಪಾದನೆಯ ಕ್ರಮವೂ ಇದೇ: ಪಾಠ ಕೆಟ್ಟಿದೆಯೆಂದು ಪದ್ಯವನ್ನೇ ಹೊಸದಾಗಿ ಬರೆಯುವುದಿಲ್ಲ, ತಪ್ಪು ಯಾವ ಪ್ರತಿಯಲ್ಲಿ ಹೊಕ್ಕಿತೆಂದು ಹುಡುಕುತ್ತೇವೆ.

ಮಿಸ್ತ್ರಿ ಮಡ್‌ಗಾರ್ಡಿನೊಳಗಿನ ಎರಡು ತಿರುಪುಗಳನ್ನು ಬಿಚ್ಚಿ, ತುಕ್ಕನ್ನೂ ಅದರ ಮೇಲೆಯೇ ಬಳಿದಿದ್ದ ಬಣ್ಣವನ್ನೂ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಸವರಿದರು. ಎಂಜಿನ್ನಿನ ಸವೆದ ಪಟ್ಟಿಯನ್ನು ಬದಲಿಸಿದರು. ಸಂಜೆಯ ಹೊತ್ತಿಗೆ ದೀಪಗಳು ಎದುರಿನ ಗೋಡೆಯ ಕಲ್ಲುಕಲ್ಲನ್ನೂ ತೋರಿಸಿದವು. ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, “ಆರಸಬ್ಯಾಡ್ರಿ, ಇರ್ಲಿ ಸ್ವಲ್ಪ” ಎಂದರು. ಗುಜರಿಯ ಮಾತು ಮತ್ತೆ ಏಳಲಿಲ್ಲ.

ಐವತ್ತು ವರ್ಷ ಮೀರಿದ, ಮೂಲರೂಪ ಗಣನೀಯವಾಗಿ ಬದಲಾಗದ ಸ್ವಂತ ಬಳಕೆಯ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಅಂಥ ನೋಂದಣಿಯ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ದುರಸ್ತಿ ಮುಂತಾದ ಸಂದರ್ಭಗಳಿಗೆ ಅವಕಾಶವಿದೆ. ಹಳೆಯದಕ್ಕೆ ಕಾನೂನಿನಲ್ಲಿಯೂ ಒಂದು ಜಾಗವುಂಟೆಂಬುದು ಸಮಾಧಾನದ ಸಂಗತಿ.

ಮನೆಯಲ್ಲಿ ಇಂಥ ವಾಹನವುಳ್ಳವರಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ಬ್ಯಾಟರಿ ಕೂಡಿಸುವ ಮುನ್ನ ಯಾವ ಧ್ರುವ ಗಾಡಿಯ ಮೈಗೆ ಕೂಡಿದೆಯೆಂದು ನೋಡಿರಿ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಧನಧ್ರುವವೇ ಅರ್ಥ್ ಆಗಿರುತ್ತಿತ್ತು. ಅಳೆಯದೆ ಏನನ್ನೂ ಬದಲಿಸಬೇಡಿರಿ. ಫ್ಯೂಸಿಗೆ ಫ್ಯೂಸನ್ನೇ ಹಾಕಿರಿ. ವರ್ಷಕ್ಕೊಮ್ಮೆ, ರೋಹಿಣಿ ಮಳೆ ಬೀಳುವುದರೊಳಗೆ, ಒಂದು ತುಂಡು ಮರಳುಕಾಗದ ಹಿಡಿದು ಆ ತಿರುಪುಗಳನ್ನು ಬಿಚ್ಚಿ ನೋಡಿರಿ. ಸತ್ತಿತೆಂದು ನಾವು ಕೈಬಿಟ್ಟುದರಲ್ಲಿ ಎಷ್ಟೋ ಸಲ ಕೆಟ್ಟಿರುವುದು ಹಿಂದಿರುಗುವ ದಾರಿಯೊಂದೇ.