ಬೇಸಿಗೆಗೆ ಹೆಣ್ಣುಮಗುವಿಗೊಂದು ಹಗುರ ಅಂಗಿ



ಕಡೂರು, ಅಜ್ಜಂಪುರಗಳ ಬಯಲಿನಲ್ಲಾಗಲಿ, ತರೀಕೆರೆಯ ಬೆಟ್ಟದ ತಪ್ಪಲಿನಲ್ಲಾಗಲಿ, ಯುಗಾದಿ ಕಳೆಯಿತೆಂದರೆ ಎಳೆಯ ಮಕ್ಕಳ ಕತ್ತು, ಬೆನ್ನುಗಳ ಮೇಲೆ ಬೆವರುಸಾಲೆ ಏಳತೊಡಗುತ್ತದೆ. ಜಾತ್ರೆಯಲ್ಲಿ ಕೊಂಡ ನೈಲಾನ್ ಫ್ರಾಕು ನೋಡಲು ಚೆಂದ. ಆದರೆ ಬೆವರನ್ನು ಹೀರದು. ಹತ್ತಿಯ ದಾರದಿಂದ ಕ್ರೋಷಾ ಕಡ್ಡಿಯಲ್ಲಿ ಹೆಣೆದ ಅಂಗಿಯ ಕಿಂಡಿಗಳಲ್ಲಿ ಗಾಳಿಯಾಡುತ್ತದೆ.

ಎದೆಯ ಸುತ್ತಳತೆಗಿಂತ ಎರಡು ಅಂಗುಲ ಸಡಿಲವಿರಲಿ. ಕತ್ತಿನಿಂದ ಆರಂಭಿಸಿ ಸುತ್ತುಸುತ್ತಾಗಿ ಕೆಳಗಿಳಿಯಿರಿ. ಮಗು ಬೆಳೆದಂತೆ ಅಂಚಿಗೆ ಮತ್ತೆರಡು ಸುತ್ತು ಸೇರಿಸಬಹುದು. ತೀರ ಚಿಕ್ಕ ಕೂಸಾದರೆ, ತಂದೆಯ ಹಳೆಯ ಪಂಚೆಯ ತುಂಡನ್ನು ಒಳಪದರವಾಗಿ ಹೊಲಿಯಿರಿ. ಬೆರಳು ಕಿಂಡಿಗೆ ಸಿಲುಕದು.

ಕತ್ತಿಗೆ ದಾರ ಕಟ್ಟುವ ಅಲಂಕಾರ ಬೇಡವೇ ಬೇಡ. ಆಟದಲ್ಲಿ ಅದು ಎಲ್ಲಿಯಾದರೂ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ. ಬೆನ್ನಿಗೊಂದು ಗುಂಡಿ ಸಾಕು, ಬಿಗಿಯಾಗಿ ಹೊಲಿದಿರಲಿ.

ಸಾಲೆ ಕೀವುಗಟ್ಟಿದರೆ ಅಥವಾ ಜ್ವರ ಕಾಣಿಸಿದರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.