ದಿಲ್ಲಿಯ ಅಳಿಲಿನ ಚಳಿಗಾಲ



ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮನು ಮೂರು ಬೆರಳುಗಳಿಂದ ನೇವರಿಸಿದನೆಂದು ನಾವೆಲ್ಲರೂ ಅಜ್ಜಿಯರಿಂದ ಕೇಳಿದವರು. ಮೈಸೂರು, ಬೆಂಗಳೂರುಗಳ ಅಳಿಲಿನ ಬೆನ್ನಿನ ಮೇಲೆ ಮೂರು ಬಿಳಿಗೆರೆಗಳಿರುವುದೂ ಹೌದು. ಆದರೆ ಇಲ್ಲಿಯ ಲೋದಿ ಉದ್ಯಾನದ ಅಳಿಲಿಗೆ ಗೆರೆಗಳು ಐದು! ಮಕ್ಕಳು ಕೇಳಿದರೆ, ಉತ್ತರದ ಅಳಿಲಿಗೆ ರಾಮನು ಪೂರಾ ಹಸ್ತವನ್ನೇ ಇಟ್ಟನೆನ್ನಬೇಕಷ್ಟೆ. ಪ್ರಾಣಿಶಾಸ್ತ್ರಜ್ಞರು ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದು ಎಣಿಸಿದ್ದಾರೆ.

ಮಕ್ಕಳದು ಇನ್ನೊಂದು ಪ್ರಶ್ನೆಯುಂಟು. ಪರದೇಶದ ಕಥೆಪುಸ್ತಕಗಳಲ್ಲಿ ಅಳಿಲು ಕಾಯಿಗಳನ್ನು ಕೂಡಿಟ್ಟು ಚಳಿಗಾಲವಿಡೀ ನಿದ್ರಿಸುತ್ತದೆ. ನಮ್ಮ ಅಳಿಲು ಜನವರಿಯಲ್ಲೂ ಕಡಲೆಕಾಯಿಗೆ ಹಾಜರಾಗುವುದೇಕೆ?

ಆ ದೀರ್ಘನಿದ್ರೆ ನೆಲದಲ್ಲಿ ಬಿಲ ತೋಡುವ ಅಳಿಲುಗಳದು. ಲಡಾಖಿನ ಮಾರ್ಮಟ್ ಅಳಿಲಿನ ಕುಟುಂಬಕ್ಕೇ ಸೇರಿದ ಪ್ರಾಣಿ. ವರ್ಷದ ಅರ್ಧ ಭಾಗವನ್ನು ಬಿಲದಲ್ಲೇ ಕಳೆಯುತ್ತದೆ. ಅಲಾಸ್ಕದ ನೆಲದಳಿಲಿನ ಮೈ ನಿದ್ರೆಯಲ್ಲಿ ಸೊನ್ನೆಗಿಂತಲೂ ಕೆಳಗೆ, ಸುಮಾರು ಮೂರು ಡಿಗ್ರಿಯಷ್ಟು ತಣಿಯುತ್ತದೆಂದು ೧೯೮೯ರಲ್ಲಿ ಪ್ರಕಟವಾಯಿತು. ಮರದ ಅಳಿಲಿಗೆ ಈ ವಿದ್ಯೆ ಇಲ್ಲ. ಅದು ಎಚ್ಚರವಿದ್ದೇ ಚಳಿಯನ್ನು ನಿಭಾಯಿಸಬೇಕು.

ದಿಲ್ಲಿಯ ಚಳಿಯಾದರೂ ಸಾಮಾನ್ಯವೇ? ೧೯೩೫ರ ಜನವರಿ ೧೬ರಂದು ಉಷ್ಣತೆ ಸೊನ್ನೆಗಿಂತ ೦.೬ ಡಿಗ್ರಿ ಕೆಳಗಿಳಿದಿತ್ತು. ೨೦೧೯ರ ಡಿಸೆಂಬರ್ ೩೦ರಂದು ಹಗಲಿನಲ್ಲೇ ೯.೪ ಡಿಗ್ರಿಯನ್ನು ದಾಟಲಿಲ್ಲ. ನಾವು ಸ್ವೆಟರಿನ ಮೇಲೆ ಕೋಟು ತೊಟ್ಟೆವು. ನೂರು ಗ್ರಾಂ ಆಸುಪಾಸಿನ ಈ ಜೀವ ಏನು ಮಾಡಿತು?

ಲೆಕ್ಕಪತ್ರದಲ್ಲೇ ದಿನ ಕಳೆಯುವ ನನಗೆ ಇದು ಜಮಾ-ಖರ್ಚಿನ ವಿಷಯವಾಗಿಯೇ ಕಾಣುತ್ತದೆ. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಶಾಖದ ಬಹುಪಾಲು ಆ ಚರ್ಮದ ಮೂಲಕವೇ ಸೋರಿಹೋಗುವುದು. ಕಾಫಿ ಲೋಟದಲ್ಲಿ ಬೇಗ ಆರುತ್ತದೆ, ದೊಡ್ಡ ಪಾತ್ರೆಯಲ್ಲಿ ಆರದು. ಆದುದರಿಂದ ಅಳಿಲು ಮೊದಲು ಖರ್ಚನ್ನು ತಗ್ಗಿಸುತ್ತದೆ. ರೋಮದ ಬುಡದ ಸಣ್ಣ ಸ್ನಾಯುಗಳು ಬಿಗಿದು ರೋಮ ನಿಮಿರುತ್ತದೆ, ನಡುವೆ ಗಾಳಿ ನಿಂತು ಹೊದಿಕೆಯಾಗುತ್ತದೆ. (ನಮಗೆ ರೋಮಾಂಚವಾಗುವುದೂ ಇದರ ಪಳೆಯುಳಿಕೆಯೇ. ರೋಮ ಹೋಯಿತು, ಅಭ್ಯಾಸ ಉಳಿಯಿತು!) ಕಿವಿ, ಪಾದಗಳ ರಕ್ತನಾಳಗಳು ಕಿರಿದಾಗುತ್ತವೆ. ಅಷ್ಟರಲ್ಲೂ ಸಾಲದಿದ್ದರೆ ಆದಾಯ ಹೆಚ್ಚಬೇಕು. ನಡುಗುವುದು ಒಂದು ದಾರಿ. ಇನ್ನೊಂದು, ಸಣ್ಣ ಸಸ್ತನಿಗಳಲ್ಲಿರುವ ಕಂದು ಬಣ್ಣದ ಕೊಬ್ಬು. ಅದು ನಡುಕವಿಲ್ಲದೆಯೇ ಉರಿದು ಶಾಖವನ್ನು ಕೊಡುತ್ತದೆ. ನಡುಗಲರಿಯದ ನಮ್ಮ ಹಸುಗೂಸುಗಳ ಬೆನ್ನಿನಲ್ಲೂ ಅದೇ ಕೊಬ್ಬಿರುವುದನ್ನು ತಾಯಂದಿರು ಕೇಳಿರಬಹುದು.

ಆದರೆ ಎಲ್ಲಕ್ಕಿಂತ ನನಗೆ ಸೋಜಿಗವೆನಿಸಿದುದು ಬೇರೆ. ಈ ಐದು ಗೆರೆಯ ಅಳಿಲನ್ನೇ ವಾರಾಣಸಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅಭ್ಯಸಿಸಿದ್ದಾರೆ. ರಾತ್ರಿಗಳು ದೀರ್ಘವಾದಂತೆ ಮಿದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಹೆಚ್ಚು ಸುರಿಸುತ್ತದೆ, ಸಂತಾನೋತ್ಪತ್ತಿಯ ಅಂಗಗಳು ಕುಗ್ಗುತ್ತವೆ. ಚಳಿ ಬಿಗಿಯಾಗುವ ಮೊದಲೇ, ಕತ್ತಲೆಯನ್ನು ಅಳೆದು, ಆ ಇಲಾಖೆಯನ್ನೇ ಶರೀರ ಮುಚ್ಚಿಬಿಡುತ್ತದೆ. ಹೊಟ್ಟೆಗೆ ಸಾಲದ ದಿನಗಳಲ್ಲಿ ಮರಿಗಳು ಹುಟ್ಟದಂತೆ ಇದೊಂದು ಏರ್ಪಾಡು.

ಇನ್ನು ಗೂಡಿನ ಮಾತು. ನಾರು, ಚಿಂದಿ, ಸಿಕ್ಕರೆ ನಮ್ಮ ರಜಾಯಿಯ ಹತ್ತಿ, ಇವುಗಳ ಆ ಉಂಡೆ ಅಳಿಲಿಗೆ ಎರಡನೆಯ ಚರ್ಮವಿದ್ದಂತೆ. ರಾತ್ರಿಯಿಡೀ ಅದರೊಳಗಿದ್ದು, ಬಿಸಿಲೇರಿದ ಮೇಲೆ ಹೊರಬಂದು ಗೋಡೆಗೆ ಮೈ ಚಾಚುತ್ತದೆ. ಇತ್ತೀಚೆಗೆ ವಠಾರಗಳಲ್ಲಿ ಹಳೆಯ ಮರಗಳು ಕಡಿಮೆ. ಹಾಗಾಗಿ ದೀಪಾವಳಿಯ ನಂತರ ನಿಂತುಹೋದ ಕೂಲರುಗಳಲ್ಲೂ, ವೆಂಟಿಲೇಟರುಗಳಲ್ಲೂ ಈ ಉಂಡೆಗಳು ಕಾಣುತ್ತವೆ. ಡಿಸೆಂಬರಿನಲ್ಲಿ ಗೂಡನ್ನು ಕಿತ್ತೆಸೆದರೆ, ಆ ರಾತ್ರಿಯ ಶಾಖದ ಖರ್ಚನ್ನು ಅಳಿಲು ಎಲ್ಲಿಂದ ತುಂಬೀತು? ಕಸವೆಂದು ಕಂಡರೂ ಹೋಳಿಯವರೆಗೆ ಬಿಟ್ಟಿರಿ ಎಂದು ಗೃಹಿಣಿಯರಲ್ಲಿ ನನ್ನ ಬಿನ್ನಹ.

ಹೋಳಿಯ ನಂತರವೂ ಕೂಲರಿನ ಹುಲ್ಲನ್ನು ಒಮ್ಮೆಲೇ ಎಳೆಯಬೇಡಿ. ಹಗಲು ಬೆಳೆದಂತೆ ಆ ಮುಚ್ಚಿದ ಇಲಾಖೆ ಮತ್ತೆ ತೆರೆದಿರುತ್ತದೆ. ಬಸಿರು ಸುಮಾರು ಆರು ವಾರ. ಮೊದಲು ಮೆಲ್ಲನೆ ಸರಿಸಿ ನೋಡಿರಿ, ಕಣ್ಣು ತೆರೆಯದ, ರೋಮವಿಲ್ಲದ ಎರಡೋ ಮೂರೋ ಮರಿಗಳು ಅಲ್ಲಿರಬಹುದು.