ಒಂದೇ ಹೆಣ್ಣು ಗಪ್ಪಿ

ಜಗಳೂರಿನ ಕಡೆ ಬೋರ್ ನೀರು ಕಾಯಿಸುವ ಪಾತ್ರೆಯ ತಳವನ್ನು ನೋಡಿದ್ದೀರಾ ಮಕ್ಕಳೇ? ದಿನ ಕಳೆದಂತೆ ಅಲ್ಲಿ ಬಿಳಿ ಪದರ ಕಟ್ಟುತ್ತದೆ. ಮಳೆ ನೀರು ನೆಲದೊಳಕ್ಕೆ ಇಳಿದು ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗುತ್ತವೆ. ಕಾಯಿಸಿದಾಗ ಅವುಗಳಲ್ಲಿ ಒಂದಿಷ್ಟು ಪಾತ್ರೆಗೆ ಅಂಟುತ್ತದೆ. ಸೋಪು ಹಾಕಿದರೂ ನೊರೆ ಬಾರದ ಈ ಗಡಸು ನೀರು ಬಟ್ಟೆ ಒಗೆಯುವವರಿಗೆ ಬೇಸರ ತರಿಸುತ್ತದೆ. ಗಪ್ಪಿ ಮೀನಿಗೆ ಮಾತ್ರ ಚೆನ್ನಾಗಿ ಒಗ್ಗುತ್ತದೆ.

ಹೊನ್ನಾಳಿಯಂಥ ಊರಿನಲ್ಲಿ ನಲ್ಲಿ ನೀರು ಬಳಸುವವರು ಬೇರೆಯೇ ಎಚ್ಚರ ವಹಿಸಬೇಕು. ರೋಗಾಣು ಸಾಯಲೆಂದು ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಒಳ್ಳೆಯದು, ಆದರೆ ಮೀನಿನ ಕಿವಿರನ್ನು ಸುಡುತ್ತದೆ. ಬಾಯಗಲ ಬಕೆಟಿನಲ್ಲಿ ನೀರು ತುಂಬಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಗಾಳಿಗೆ ಹೋಗುತ್ತದೆ. ಆಮೇಲೆ ತೊಟ್ಟಿಗೆ ಹಾಕಿ.

ಎರಡು ಮೂರು ಬಿಂದಿಗೆ ನೀರು ಹಿಡಿಯುವ ಗಾಜಿನ ತೊಟ್ಟಿ ಸಾಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಉಳಿದ ಆಹಾರ ಕೊಳೆತಾಗಲೂ ಮೀನು ವಿಸರ್ಜಿಸಿದಾಗಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಆದ್ದರಿಂದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಉಜ್ಜಬೇಡಿ, ಒಳ್ಳೆಯ ಬ್ಯಾಕ್ಟೀರಿಯಾಗಳೂ ತೊಳೆದುಹೋಗುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಇನ್ನು ನನಗೆ ತುಂಬ ಇಷ್ಟವಾದ ಸಂಗತಿಗೆ ಬರುತ್ತೇನೆ. ಅಂಗಡಿಯಿಂದ ಒಂದೇ ಒಂದು ಹೆಣ್ಣು ಗಪ್ಪಿ ತಂದು ಬಿಟ್ಟಿದ್ದೀರಿ ಎಂದುಕೊಳ್ಳಿ. ತೊಟ್ಟಿಯಲ್ಲಿ ಗಂಡು ಮೀನೇ ಇಲ್ಲ. ಆದರೂ ಒಂದು ಬೆಳಿಗ್ಗೆ ಗಿಡಗಳ ನಡುವೆ ಸಣ್ಣ ಸಣ್ಣ ಮರಿಗಳು ಓಡಾಡುತ್ತಿರಬಹುದು! ಹೆಣ್ಣು ಗಪ್ಪಿ ಒಮ್ಮೆ ಗಂಡಿನೊಡನೆ ಕೂಡಿದರೆ ಅದರ ವೀರ್ಯಾಣುಗಳನ್ನು ತನ್ನ ದೇಹದೊಳಗೆ ತಿಂಗಳುಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಸರಿಸುಮಾರು ನಾಲ್ಕು ವಾರಕ್ಕೊಮ್ಮೆ ಅವನ್ನೇ ಬಳಸಿ ಮರಿ ಹಾಕುತ್ತದೆ. ಬಹುಪಾಲು ಮೀನುಗಳು ನೀರಿಗೆ ಮೊಟ್ಟೆ ಇಡುತ್ತವೆ. ಗಪ್ಪಿಯಲ್ಲಿ ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಬೆಳೆದು, ಹೊರಗೆ ಬರುವಾಗಲೇ ಈಜಬಲ್ಲ ಮರಿಯಾಗಿರುತ್ತದೆ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯೊಂದಿದೆ. ಅದು ದೊಡ್ಡದಾಗಿ, ಹೊಟ್ಟೆ ಉಬ್ಬಿ ಚೌಕವಾದಂತೆ ಕಂಡರೆ ಹೆರಿಗೆ ಹತ್ತಿರ ಬಂದಿದೆ. ತಿಳಿಬಣ್ಣದ ಮೀನಾದರೆ ಚರ್ಮದ ಮೂಲಕ ಮರಿಗಳ ಕಣ್ಣುಗಳೇ ಕಪ್ಪು ಚುಕ್ಕಿಗಳಂತೆ ಕಾಣುತ್ತವೆ.

ಹಸಿದ ತಾಯಿ ತನ್ನ ಮರಿಗಳನ್ನೇ ತಿನ್ನಬಲ್ಲದು. ಅದನ್ನು ಕೆಟ್ಟದ್ದೆಂದು ಬೈಯಬೇಡಿ. ಬಾಯಿಗೆ ಹಿಡಿಯುವಷ್ಟು ಚಿಕ್ಕದಾಗಿ ಚಲಿಸುವುದೆಲ್ಲ ಅದಕ್ಕೆ ಆಹಾರ. ನೀವು ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಪ್ರಯೋಗಕ್ಕೆ ಬಳಸುವ ಹೈಡ್ರಿಲ್ಲಾ ಗಿಡವನ್ನು ದಟ್ಟವಾಗಿ ಬೆಳೆಸಿದರೆ ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ.

ಗಂಡು ಗಪ್ಪಿಗೆ ಅಷ್ಟೊಂದು ಬಣ್ಣ ಏಕೆ? ಗಪ್ಪಿಯ ತವರು ವೆನೆಜುವೆಲಾ, ಟ್ರಿನಿಡಾಡ್ ಕಡೆಯ ತೊರೆಗಳು. ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಅಲ್ಲಿ ಗಮನಿಸಿದ್ದೇನೆಂದರೆ, ಗಪ್ಪಿಯನ್ನು ತಿನ್ನುವ ದೊಡ್ಡ ಮೀನುಗಳಿರುವ ಕಡೆ ಗಂಡುಗಳು ಮಂಕಾಗಿದ್ದವು, ಅಂಥ ಶತ್ರುಗಳಿಲ್ಲದ ಕಡೆ ಬಣ್ಣಬಣ್ಣವಾಗಿದ್ದವು. ಮಂಕು ಗಪ್ಪಿಗಳನ್ನು ಅವರು ಶತ್ರುಗಳಿಲ್ಲದ ತೊರೆಗೆ ಒಯ್ದು ಬಿಟ್ಟರು. ಸುಮಾರು ಎರಡು ವರ್ಷದಲ್ಲೇ ಅವುಗಳ ಮುಂದಿನ ತಲೆಮಾರುಗಳಲ್ಲಿ ಬಣ್ಣ ಏರಿತ್ತು. ಇದನ್ನು 1980ರಲ್ಲಿ ಪ್ರಕಟಿಸಿದರು. ಬಣ್ಣವಿದ್ದರೆ ಹೆಣ್ಣು ಮೆಚ್ಚುತ್ತದೆ, ಶತ್ರುವಿನ ಕಣ್ಣಿಗೂ ಬೀಳುತ್ತದೆ. ಶತ್ರು ಇಲ್ಲವಾದಾಗ ಮೆಚ್ಚುಗೆಯೇ ಗೆದ್ದಿತು.

ಈಗ ತೊಟ್ಟಿ ತುಂಬಿಹೋಯಿತು. ಮರಿಗಳನ್ನು ಏನು ಮಾಡೋಣ? ನ್ಯಾಮತಿಯ ಗೆಳೆಯನಿಗೆ ಕೊಡಬಹುದು. ಮನೆಯ ಹಿಂದಿನ ಸಿಮೆಂಟ್ ತೊಟ್ಟಿಗೆ ಬಿಡಬಹುದು, ಅಲ್ಲಿ ಅವು ಸೊಳ್ಳೆ ಮರಿಗಳನ್ನು ತಿನ್ನುತ್ತವೆ. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಮಲೇರಿಯಾ ತಡೆಯಲು 1990ರ ದಶಕದಲ್ಲಿ ವಿಜ್ಞಾನಿಗಳು ಗಪ್ಪಿ ಬಿಟ್ಟಿದ್ದು ಇದಕ್ಕೇ.

ಆದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋದಾಗ ದಯವಿಟ್ಟು ಒಂದನ್ನೂ ಬಿಡಬೇಡಿ. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಆ ಹಳೆಯ ಕೆರೆ ನಮ್ಮ ನಾಡಿನ ಮೀನು, ಕಪ್ಪೆ, ಹುಳುಗಳ ಮನೆ. ಹೊರಗಿನಿಂದ ಬಂದ ಗಪ್ಪಿ ಅವುಗಳ ಆಹಾರವನ್ನೂ ಮೊಟ್ಟೆಗಳನ್ನೂ ತಿನ್ನಬಲ್ಲದು. ಒಂದೇ ಮೀನು ತಾನೇ ಎನ್ನಬೇಡಿ, ಅದು ಹೆಣ್ಣಾಗಿದ್ದರೆ ಅದರ ಹೊಟ್ಟೆಯಲ್ಲಿ ಮುಂದಿನ ಹಲವು ಸೂಲುಗಳಿಗೆ ಬೇಕಾದದ್ದೆಲ್ಲ ಸಿದ್ಧವಾಗಿರುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೂ ಕಣ್ತಪ್ಪಿದ ಮರಿಗಳಿರಬಹುದು. ಅದನ್ನು ಚರಂಡಿಗೋ ಕಾಲುವೆಗೋ ಚೆಲ್ಲದೆ ಬಟ್ಟೆಯಲ್ಲಿ ಸೋಸಿ, ಸಿಕ್ಕ ಮರಿಗಳನ್ನು ವಾಪಸ್ ತೊಟ್ಟಿಗೆ ಬಿಟ್ಟು, ನೀರನ್ನು ಹೂವಿನ ಗಿಡಕ್ಕೆ ಹಾಕಿ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ.